ವಿಶ್ವಕಪ್ ಇತಿಹಾಸದ ರ‍್ಯಾಂಕಿಂಗ್: ಯಾವ ಲೆಕ್ಕ ಹಿಡಿದರೆ ಯಾವ ದೇಶ ಮೇಲೆ?

ಗೆಲುವಿಗೆ 2, ಡ್ರಾಗೆ 1 ಅಂಕ ಕೊಟ್ಟು 1930ರಿಂದ 2022ರವರೆಗಿನ ಫುಟ್‌ಬಾಲ್ ವಿಶ್ವಕಪ್ ಪಂದ್ಯಗಳನ್ನೆಲ್ಲ ಕೂಡಿಸಿದರೆ ಅರ್ಜೆಂಟೀನಾಗೆ 111 ಅಂಕ, ಇಟಲಿಗೂ 111. ಗೋಲು ಅಂತರ ನೋಡೋಣವೆಂದರೆ ಅರ್ಜೆಂಟೀನಾ 152 ಹೊಡೆದು 101 ಬಿಟ್ಟುಕೊಟ್ಟಿದೆ, ಇಟಲಿ 128 ಹೊಡೆದು 77 ಬಿಟ್ಟುಕೊಟ್ಟಿದೆ, ಎರಡಕ್ಕೂ 51. ಗೆಲುವಿಗೆ 3 ಅಂಕ ಮಾಡಿದರೆ ಅರ್ಜೆಂಟೀನಾ 158, ಇಟಲಿ 156. ಪಂದ್ಯಕ್ಕೆ ಸರಾಸರಿ ತೆಗೆದರೆ ಇಟಲಿ ಮತ್ತೆ ಮೇಲೆ: 1.88ಕ್ಕೆ 1.80. ಕಪ್ ಎಣಿಸಿದರೂ ಇಟಲಿಯೇ, 4ಕ್ಕೆ 3. ಪಂದ್ಯಗಳು ಅವೇ, ಫಲಿತಾಂಶಗಳೂ ಅವೇ. ಬದಲಾದದ್ದು ಲೆಕ್ಕ ಮಾತ್ರ.

ಕಲಬುರಗಿ, ಬೀದರ, ಯಾದಗಿರಿಯ ಕಾಲೇಜುಗಳಲ್ಲಿ ಕ್ವಿಜ್ ಪ್ರಶ್ನೆ ಬರೆಯುವವರು, ಶಾಲೆಯ ಗೋಡೆಗೆ ಚಾರ್ಟ್ ಮಾಡಿಸುವ ಪಿಟಿ ಸರ್‌ಗಳು, ಓಣಿಯ ಟೂರ್ನಮೆಂಟಿನ ತಂಡಗಳಿಗೆ ದೇಶಗಳ ಹೆಸರಿಟ್ಟು ಡ್ರಾ ತೆಗೆಯುವ ಹುಡುಗರು, ಇವರೆಲ್ಲರಿಗೂ ಒಂದಲ್ಲ ಒಂದು ದಿನ ಇಂಥ ಪಟ್ಟಿ ಬೇಕಾಗುತ್ತದೆ. ಸಾಮಾನ್ಯವಾಗಿ ಕೈಗೆ ಸಿಕ್ಕ ಮೊದಲ ಪಟ್ಟಿಯನ್ನೇ ಇಳಿಸಿಕೊಳ್ಳುತ್ತೇವೆ. ಆ ಪಟ್ಟಿ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳುವುದಿಲ್ಲ. ಚಹಾದ ಅಂಗಡಿಯಲ್ಲಿ ಒಬ್ಬರು "ಐದು ಕಪ್ ಅದಾವ, ಇನ್ನೇನ್ ಬೇಕು?" ಅಂತಾರೆ, ಇನ್ನೊಬ್ಬರು "ಏಳು-ಒಂದು ಮರತಿಯೇನಪಾ?" ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬ್ರೆಜಿಲ್‌ನ ಕಪ್ ಎಣಿಸುತ್ತಿದ್ದಾರೆ, ಇನ್ನೊಬ್ಬರು 2014ರ ಸೆಮಿಫೈನಲ್‌ನಲ್ಲಿ ಜರ್ಮನಿ ಅದನ್ನು 7-1ರಿಂದ ಸೋಲಿಸಿದ ಮುಖಾಮುಖಿಯ ಮಾತಾಡುತ್ತಿದ್ದಾರೆ.

ಮೊದಲು ಮೂಲ ಅಂಕಿಗಳು. ಇವು 2022ರ ಕತಾರ್ ವಿಶ್ವಕಪ್ ಮುಗಿದಾಗಿನ ಲೆಕ್ಕ: ಅರ್ಹತಾ ಪಂದ್ಯಗಳಿಲ್ಲ, ಮುಖ್ಯ ಟೂರ್ನಿ ಮಾತ್ರ. ಗೆಲುವಿಗೆ 3 ಅಂಕ, ಪೆನಾಲ್ಟಿ ಶೂಟೌಟಿಗೆ ಹೋದ ಪಂದ್ಯ ಡ್ರಾ.

| ತಂಡ | ಆವೃತ್ತಿ | ಪಂದ್ಯ | ಗೆಲುವು-ಡ್ರಾ-ಸೋಲು | ಅಂಕ | ಪಂದ್ಯಕ್ಕೆ | ಕಪ್ | ಮೊದಲ ನಾಲ್ಕರಲ್ಲಿ |
|---|---|---|---|---|---|---|---|
| ಬ್ರೆಜಿಲ್ | 22 | 114 | 76-19-19 | 247 | 2.17 | 5 | 11 |
| ಜರ್ಮನಿ | 20 | 112 | 68-21-23 | 225 | 2.01 | 4 | 13 |
| ಅರ್ಜೆಂಟೀನಾ | 18 | 88 | 47-17-24 | 158 | 1.80 | 3 | 6 |
| ಇಟಲಿ | 18 | 83 | 45-21-17 | 156 | 1.88 | 4 | 8 |
| ಫ್ರಾನ್ಸ್ | 16 | 73 | 39-14-20 | 131 | 1.79 | 2 | 7 |
| ಇಂಗ್ಲೆಂಡ್ | 16 | 74 | 32-22-20 | 118 | 1.59 | 1 | 3 |
| ಸ್ಪೇನ್ | 16 | 67 | 31-17-19 | 110 | 1.64 | 1 | 2 |
| ನೆದರ್ಲೆಂಡ್ಸ್ | 11 | 55 | 30-14-11 | 104 | 1.89 | 0 | 5 |
| ಉರುಗ್ವೆ | 14 | 59 | 25-13-21 | 88 | 1.49 | 2 | 5 |

ಕೊನೆಯ ಎರಡು ಸಾಲುಗಳನ್ನು ಇನ್ನೊಮ್ಮೆ ನೋಡಿ. ಒಂದೂ ಕಪ್ ಗೆಲ್ಲದ ನೆದರ್ಲೆಂಡ್ಸ್ ಸರಾಸರಿಯಲ್ಲಿ ಮೂರನೆಯದು. ಎರಡು ಕಪ್ ಗೆದ್ದ ಉರುಗ್ವೆ ಈ ಒಂಬತ್ತರಲ್ಲಿ ಕೊನೆಯದು. ಯಾವುದೇ ಲೆಕ್ಕವನ್ನು ಪರೀಕ್ಷಿಸಬೇಕಾದರೆ ಅದು ಈ ಎರಡು ತಂಡಗಳನ್ನು ಎಲ್ಲಿ ಕೂರಿಸುತ್ತದೆ ಎಂದು ನೋಡಿದರೆ ಸಾಕು.

ಕಪ್ ಎಣಿಕೆ

ಎಲ್ಲಕ್ಕಿಂತ ಸುಲಭ, ಎಲ್ಲರಿಗೂ ತಿಳಿಯುತ್ತದೆ. ಬ್ರೆಜಿಲ್ 5, ಜರ್ಮನಿ ಮತ್ತು ಇಟಲಿ ತಲಾ 4, ಅರ್ಜೆಂಟೀನಾ 3, ಫ್ರಾನ್ಸ್ ಮತ್ತು ಉರುಗ್ವೆ ತಲಾ 2, ಇಂಗ್ಲೆಂಡ್ ಮತ್ತು ಸ್ಪೇನ್ ತಲಾ 1. ಎಂಟು ದೇಶಗಳಾದ ಮೇಲೆ ಪಟ್ಟಿ ನಿಂತುಹೋಗುತ್ತದೆ. ಮೂರು ಫೈನಲ್ ಆಡಿದ ನೆದರ್ಲೆಂಡ್ಸ್, ಎರಡೆರಡು ಆಡಿದ ಹಂಗೇರಿ ಮತ್ತು ಚೆಕೊಸ್ಲೊವಾಕಿಯಾ ಒಂದೂ ಪಂದ್ಯ ಗೆಲ್ಲದ ತಂಡದ ಸಮಕ್ಕೆ ಬಂದು ನಿಲ್ಲುತ್ತವೆ.

ಇನ್ನೊಂದು ತೊಂದರೆ ಕಾಲದ್ದು. 1930ರಲ್ಲಿ ಆಡಿದ್ದು 13 ತಂಡ, ಯುರೋಪಿನಿಂದ ಹಡಗು ಹತ್ತಿದ್ದು ನಾಲ್ಕೇ. 1950ರಲ್ಲೂ 13. ಉರುಗ್ವೆ ಆ ಎರಡು ಕಪ್‌ಗಳಿಗೆ ಆಡಿದ್ದು ತಲಾ ನಾಲ್ಕು ಪಂದ್ಯ: ಒಟ್ಟು ಎಂಟರಲ್ಲಿ ಏಳು ಗೆಲುವು, ಸ್ಪೇನ್ ಜೊತೆ ಒಂದು ಡ್ರಾ. 2018ರಲ್ಲಿ ಫ್ರಾನ್ಸ್ ಗೆದ್ದಾಗ ಎದುರಿದ್ದವು ಇನ್ನು 31 ತಂಡ, ಆಡಿದ್ದು ಏಳು ಪಂದ್ಯ. ಹಾಗೆಂದು ಹಳೆಯ ಕಪ್‌ಗೆ ಅರ್ಧ ಬೆಲೆ ಕಟ್ಟುವುದು ಸರಿಯಲ್ಲ. ತೂಕ ಕೊಡಲೇಬೇಕೆಂದರೆ, ತಂಡಗಳ ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದೇ ತಂಡ ಉಳಿಯುತ್ತದೆ ಎಂಬುದನ್ನು ಹಿಡಿಯಿರಿ: 13 ತಂಡಕ್ಕೆ 3.70, 15ಕ್ಕೆ (1938ರಲ್ಲಿ) 3.91, 16ಕ್ಕೆ 4, 24ಕ್ಕೆ 4.58, 32ಕ್ಕೆ 5. ಈ ಲೆಕ್ಕದಲ್ಲಿ ಫ್ರಾನ್ಸ್‌ನ ಎರಡು ಕಪ್‌ಗೆ 10, ಉರುಗ್ವೆಯ ಎರಡಕ್ಕೆ 7.40. ಜರ್ಮನಿ 17.58, ಇಟಲಿ 17.49, ಕಪ್ ಎಣಿಕೆಯ ಸಮಬಲ ಕೂದಲೆಳೆಯಲ್ಲಿ ಬಿಡಿಸಿಕೊಳ್ಳುತ್ತದೆ.

ಸ್ಥಾನಕ್ಕೆ ತೂಕ

ಕಪ್, ರನ್ನರ್ ಅಪ್, ಮೂರನೇ, ನಾಲ್ಕನೇ ಸ್ಥಾನಗಳಿಗೆ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವ ಪದ್ಧತಿ. ಇತಿಹಾಸದ ಸಾಧನೆಯನ್ನು ಅಳೆಯಲು ನಮ್ಮ ಮಟ್ಟಿಗೆ ಇದೇ ಹೆಚ್ಚು ನ್ಯಾಯದ್ದು. ಎಲ್ಲ ಕಾಲದ ಟೂರ್ನಿಯೂ ನಾಲ್ಕು ತಂಡಗಳನ್ನು ಬೇರ್ಪಡಿಸಿ ತೋರಿಸಿದೆ, ಪಂದ್ಯಗಳ ಸಂಖ್ಯೆ ಎಷ್ಟೇ ಇರಲಿ. ಅಪಾಯ ಒಂದೇ: ತೂಕವನ್ನು ನಿಗದಿ ಮಾಡುವವರ ಮನಸ್ಸು.

5-3-2-1 ಎಂದು ಇಟ್ಟುಕೊಂಡರೆ ಜರ್ಮನಿ 41, ಬ್ರೆಜಿಲ್ 37, ಇಟಲಿ 29, ಅರ್ಜೆಂಟೀನಾ 24, ಫ್ರಾನ್ಸ್ 21, ಉರುಗ್ವೆ 13, ನೆದರ್ಲೆಂಡ್ಸ್ 12. ಜರ್ಮನಿ ಮೇಲೆ! ಕಪ್‌ಗೆ ಇನ್ನಷ್ಟು ಬೆಲೆ ಕೊಟ್ಟು 10-4-2-1 ಮಾಡಿದರೂ ಜರ್ಮನಿ 65, ಬ್ರೆಜಿಲ್ 64. ರನ್ನರ್ ಅಪ್ ಬೆಲೆಯನ್ನು ಒಂದೇ ಒಂದು ಅಂಕ ಇಳಿಸಿ 10-3-2-1 ಮಾಡಿದ ಕೂಡಲೇ ಬ್ರೆಜಿಲ್ 62, ಜರ್ಮನಿ 61.

ಹೀಗಾಗುವುದಕ್ಕೆ ಕಾರಣ ಇದೆ. ಬ್ರೆಜಿಲ್ ಹತ್ತಿರ ಜರ್ಮನಿಗಿಂತ ಒಂದು ಕಪ್ ಹೆಚ್ಚು, ಒಂದು ನಾಲ್ಕನೇ ಸ್ಥಾನ ಹೆಚ್ಚು. ಜರ್ಮನಿ ಹತ್ತಿರ ಎರಡು ರನ್ನರ್ ಅಪ್ ಮತ್ತು ಎರಡು ಮೂರನೇ ಸ್ಥಾನ ಹೆಚ್ಚು. ಉಳಿದದ್ದೆಲ್ಲ ಸರಿಸಮ. ಆದ್ದರಿಂದ ಬ್ರೆಜಿಲ್ ದೊಡ್ಡದೋ ಜರ್ಮನಿ ದೊಡ್ಡದೋ ಎಂಬ ಜಗಳ ಒಂದೇ ಪ್ರಶ್ನೆಗೆ ಇಳಿಯುತ್ತದೆ: ಒಂದು ಕಪ್ ಮತ್ತು ಒಂದು ನಾಲ್ಕನೇ ಸ್ಥಾನ ಕೂಡಿದರೆ, ಎರಡು ರನ್ನರ್ ಅಪ್ ಮತ್ತು ಎರಡು ಮೂರನೇ ಸ್ಥಾನ ಕೂಡಿದ್ದಕ್ಕಿಂತ ಹೆಚ್ಚೋ ಕಡಿಮೆಯೋ? ಇದಕ್ಕೆ ಉತ್ತರ ಕೊಟ್ಟರೆ ಪಟ್ಟಿಯ ತುದಿ ತಾನೇ ತೀರ್ಮಾನವಾಗುತ್ತದೆ. ಅದಕ್ಕೇ ತೂಕಗಳನ್ನು ಲೆಕ್ಕ ಶುರುಮಾಡುವ ಮುಂಚೆ ಬರೆದಿಡಬೇಕು, ಪಟ್ಟಿಯ ತಲೆಯ ಮೇಲೇ ಅಚ್ಚು ಹಾಕಿಸಬೇಕು. ಉತ್ತರ ನೋಡಿ ತೂಕ ತಿದ್ದಿದ ಪಟ್ಟಿಗೆ ಬೆಲೆಯಿಲ್ಲ.

ಕೆಳಗಿನ ಸ್ಥಾನಗಳೂ ಅಲುಗಾಡುತ್ತವೆ. ಸ್ವೀಡನ್ 1938ರಲ್ಲಿ ನಾಲ್ಕನೆಯದು, 1950ರಲ್ಲಿ ಮೂರನೆಯದು, 1958ರಲ್ಲಿ ಎರಡನೆಯದು, 1994ರಲ್ಲಿ ಮತ್ತೆ ಮೂರನೆಯದು. 5-3-2-1ರಲ್ಲಿ ಅದಕ್ಕೆ 8 ಅಂಕ. ಕಪ್ ಗೆದ್ದ ಇಂಗ್ಲೆಂಡ್‌ಗೆ 7, ಸ್ಪೇನ್‌ಗೆ 6. 10-4-2-1ರಲ್ಲಿ ಇಂಗ್ಲೆಂಡ್ 12, ಸ್ಪೇನ್ 11, ಸ್ವೀಡನ್ 9. ಕಪ್ ಗೆದ್ದವರು ಸ್ವೀಡನ್‌ಗಿಂತ ಕೆಳಗೆ ಬರಬಾರದು ಎಂಬುದು ನಿಮ್ಮ ನಿಲುವಾದರೆ ಎರಡನೆಯ ತೂಕ ಹಿಡಿಯಿರಿ; ಮೂರು ಫೈನಲ್ ಆಡಿದ ನೆದರ್ಲೆಂಡ್ಸ್ ಮಾತ್ರ ಅದರಲ್ಲೂ 15 ಅಂಕದೊಂದಿಗೆ ಇಂಗ್ಲೆಂಡ್, ಸ್ಪೇನ್‌ಗಿಂತ ಮೇಲೇ ಉಳಿಯುತ್ತದೆ. ನಮ್ಮ ಒಲವೂ ಅದಕ್ಕೇ.

ಕ್ವಾರ್ಟರ್ ಫೈನಲ್‌ಗೂ ಅಂಕ ಸೇರಿಸುವ ಆಸೆ ಬರುತ್ತದೆ. ಬೇಡ. 1930, 1950, 1974, 1978, 1982ರಲ್ಲಿ ಕ್ವಾರ್ಟರ್ ಫೈನಲ್ ಎಂಬ ಹಂತವೇ ಇರಲಿಲ್ಲ. 16 ತಂಡಗಳ ಟೂರ್ನಿಯಲ್ಲಿ "ಕೊನೆಯ ಹದಿನಾರು" ಎಂದರೆ ಬರೀ ಹಾಜರಿ. ಇವಕ್ಕೆ ಅಂಕ ಕೊಟ್ಟರೆ 1986ರಿಂದೀಚೆಗೆ ಆಡಿದವರಿಗೆ ಪುಕ್ಕಟೆ ಲಾಭ.

ಒಟ್ಟು ಅಂಕಗಳ ಪಟ್ಟಿ

ಮೇಲಿನ ಕೋಷ್ಟಕದ್ದು ಇದೇ ಪದ್ಧತಿ, ಹೆಚ್ಚು ಕಡೆ ಕಾಣಸಿಗುವುದೂ ಇದೇ. ಟೂರ್ನಿಯಲ್ಲಿ ಗೆಲುವಿಗೆ 3 ಅಂಕ ಬಂದದ್ದು 1994ರಿಂದ, ಅದಕ್ಕೆ ಮುಂಚೆ 2. ಎಲ್ಲ ಪಂದ್ಯಗಳಿಗೂ ಒಂದೇ ಅಳತೆ ಇರಲಿ ಎಂದು ಹಳೆಯ ಗೆಲುವುಗಳಿಗೂ 3 ಕೊಡುತ್ತಾರೆ.

ದೊಡ್ಡ ಕೊರತೆ ಎಂದರೆ ಇದು ಎಷ್ಟು ಆಡಿದಿರಿ ಎಂಬುದಕ್ಕೇ ಅರ್ಧ ಬಹುಮಾನ ಕೊಡುತ್ತದೆ. 1950ರಲ್ಲಿ ಕಪ್ ಗೆದ್ದ ಉರುಗ್ವೆಗೆ ಸಿಕ್ಕಿದ್ದು 3 ಗೆಲುವು, 1 ಡ್ರಾ, ಅಂದರೆ 10 ಅಂಕ. 2022ರಲ್ಲಿ ಮೂರನೇ ಸ್ಥಾನ ಪಡೆದ ಕ್ರೊವೇಷಿಯಾ ಏಳು ಪಂದ್ಯದಲ್ಲಿ 2 ಗೆದ್ದು, 4 ಡ್ರಾ ಮಾಡಿ, 1 ಸೋತಿತು. ಅದಕ್ಕೂ 10 ಅಂಕ. 2026ರಿಂದ 48 ತಂಡ, 104 ಪಂದ್ಯ, ಕಪ್ ಗೆಲ್ಲಲು ಎಂಟು ಪಂದ್ಯ ಆಡಬೇಕು. ಈ ಉಬ್ಬರ ಮುಂದೆ ಇನ್ನೂ ಜಾಸ್ತಿ.

ಶೂಟೌಟಿನ ವಿಷಯವನ್ನು ಗಟ್ಟಿಯಾಗಿ ಹಿಡಿಯಬೇಕು, ತಪ್ಪುಗಳು ಹೆಚ್ಚು ನುಸುಳುವುದು ಇಲ್ಲೇ. ವಿಶ್ವಕಪ್‌ನಲ್ಲಿ ಮೊದಲ ಶೂಟೌಟ್ ನಡೆದದ್ದು 1982ರ ಸೆಮಿಫೈನಲ್‌ನಲ್ಲಿ, ಸೆವಿಲ್ಲೆಯಲ್ಲಿ, ಪಶ್ಚಿಮ ಜರ್ಮನಿ ಮತ್ತು ಫ್ರಾನ್ಸ್ ನಡುವೆ. ನಿಯಮದ ಪ್ರಕಾರ ಅಂಥ ಪಂದ್ಯ ಡ್ರಾ. ಹಾಗಾಗಿ 2022ರ ಫೈನಲ್ 3-3 ಡ್ರಾ. ಮೆಸ್ಸಿ ಕಪ್ ಎತ್ತಿದ ಪಂದ್ಯಕ್ಕೆ ಅರ್ಜೆಂಟೀನಾ ಖಾತೆಗೆ ಬಂದದ್ದು ಒಂದೇ ಅಂಕ, ಸೋತ ಫ್ರಾನ್ಸ್‌ಗೂ ಒಂದು. ಶೂಟೌಟ್ ಗೆಲುವನ್ನು ಪೂರ್ತಿ ಗೆಲುವೆಂದು ಹಿಡಿದರೆ 6 ಗೆದ್ದು 1 ಸೋತ ಅರ್ಜೆಂಟೀನಾ 169ಕ್ಕೆ ಏರುತ್ತದೆ. 1 ಗೆದ್ದು 3 ಸೋತ ಇಟಲಿ 155ಕ್ಕೆ ಇಳಿಯುತ್ತದೆ. ಎರಡು ಅಂಕದ ಅಂತರ ಹದಿನಾಲ್ಕಾಗುತ್ತದೆ. ನಾಲ್ಕಕ್ಕೆ ನಾಲ್ಕೂ ಗೆದ್ದ ಜರ್ಮನಿ 233, ನಾಲ್ಕಕ್ಕೆ ನಾಲ್ಕೂ ಗೆದ್ದ ಕ್ರೊವೇಷಿಯಾ 47ರಿಂದ 55. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು, ಒಂದು ತಂಡಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಮಾಡಬಾರದು. ನಾಲ್ಕು ಬೇರೆ ಪುಟಗಳಿಂದ ಅಂಕಿ ಕೂಡಿಹಾಕಿದಾಗ ಆಗುವುದು ಇದೇ.

ಪಂದ್ಯಕ್ಕೆ ಸರಾಸರಿ

ಆಡಿದಾಗ ಎಷ್ಟು ಚೆನ್ನಾಗಿ ಆಡಿದರು ಎಂಬುದಕ್ಕೆ ಇದು ಉತ್ತರ. ನೆದರ್ಲೆಂಡ್ಸ್ 1.89ಕ್ಕೆ ಏರಲು ಒಂದು ಕಾರಣ ಈಚಿನ ಎರಡು ಟೂರ್ನಿಗಳು: 2014ರಲ್ಲೂ 2022ರಲ್ಲೂ ಅದು ಹೊರಬಿದ್ದದ್ದು ಅರ್ಜೆಂಟೀನಾ ಎದುರಿನ ಶೂಟೌಟಿನಲ್ಲಿ. 12 ಪಂದ್ಯ ಆಡಿ, ಲೆಕ್ಕದ ಪ್ರಕಾರ ಒಂದೂ ಸೋತಿಲ್ಲ. ನಡುವಿನ 2018ಕ್ಕೆ ಅದು ಅರ್ಹತೆಯನ್ನೇ ಪಡೆದಿರಲಿಲ್ಲ, ಆದರೆ ಸರಾಸರಿಗೆ ಅದು ಕಾಣುವುದೇ ಇಲ್ಲ. ಇಟಲಿಗೂ ಹಾಗೇ. 2018, 2022 ಎರಡಕ್ಕೂ ಹೋಗದಿದ್ದರೂ ಅದರ 1.88 ಒಂದಿಷ್ಟೂ ಕದಲಿಲ್ಲ. ಗೈರುಹಾಜರಿಗೆ ದಂಡವಿಲ್ಲದ ಪದ್ಧತಿ ಇದು. ಬ್ರೆಜಿಲ್ ಒಂದೇ 22 ಸಲವೂ ಆಡಿದೆ ಎಂಬ ದೊಡ್ಡ ಮಾತು ಇದರಲ್ಲಿ ಕಳೆದುಹೋಗುತ್ತದೆ.

ಕನಿಷ್ಠ ಪಂದ್ಯಗಳ ಮಿತಿ ಹಾಕದೆ ಸರಾಸರಿ ಮಾಡಬೇಡಿ. ಒಂದೇ ಸಲ ಬಂದು ಎರಡು ಪಂದ್ಯ ಗೆದ್ದ ತಂಡ ತುದಿಯ ಹತ್ತಿರ ಏರಿಬಿಡಬಹುದು. 30 ಪಂದ್ಯದ ಮಿತಿ ಸರಿಹೊಂದುತ್ತದೆ. ಅಲ್ಲಿಗೆ ಪೋರ್ಚುಗಲ್ (35 ಪಂದ್ಯ, 1.63), ಕ್ರೊವೇಷಿಯಾ (30, 1.57), ಹಂಗೇರಿ (32, 1.50) ಒಳಗೆ ಬರುತ್ತವೆ, ಮೂರೂ ಉರುಗ್ವೆಗಿಂತ ಮೇಲೆ. ಗೋಲು ಅಂತರದ ಸರಾಸರಿಯನ್ನಂತೂ ಮುಖ್ಯ ಅಳತೆ ಮಾಡಲೇಬೇಡಿ. 1954ರಲ್ಲಿ ಹಂಗೇರಿ ಐದೇ ಪಂದ್ಯದಲ್ಲಿ 27 ಗೋಲು ಹೊಡೆಯಿತು, ಕಪ್ ಗೆಲ್ಲಲಿಲ್ಲ. 2010ರಲ್ಲಿ ಸ್ಪೇನ್ ಏಳು ಪಂದ್ಯದಲ್ಲಿ 8 ಗೋಲು ಹೊಡೆದು ಕಪ್ ಒಯ್ದಿತು.

ಎಲೊ ಪದ್ಧತಿ

ಚದುರಂಗದಿಂದ ಬಂದದ್ದು. ಪ್ರತಿ ತಂಡಕ್ಕೂ ಒಂದು ಅಂಕವಿರುತ್ತದೆ, ಪ್ರತಿ ಪಂದ್ಯದ ಫಲಿತಾಂಶಕ್ಕೆ ತಕ್ಕಂತೆ ಅದು ಏರಿಳಿಯುತ್ತದೆ. ಎದುರಾಳಿ ಎಷ್ಟು ಬಲಶಾಲಿ ಎಂಬುದನ್ನು ಲೆಕ್ಕಕ್ಕೆ ತರುವುದು ಇದೊಂದೇ. ಎರಡು ತಂಡಗಳ ನಡುವೆ 200 ಅಂಕದ ಅಂತರವಿದ್ದರೆ ಬಲವಾದ ತಂಡದಿಂದ ನಿರೀಕ್ಷೆ 0.76 (ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0 ಎಂದು ಹಿಡಿದರೆ). ವಿಶ್ವಕಪ್ ಪಂದ್ಯದ ತೂಕ 60. ಬಲವಾದದ್ದು ಒಂದು ಗೋಲಿನಿಂದ ಗೆದ್ದರೆ 60 × 0.24, ಅಂದರೆ 14.4 ಅಂಕ ಗಳಿಕೆ. ದುರ್ಬಲ ತಂಡ ಗೆದ್ದರೆ 45.6. ಸ್ನೇಹಪಂದ್ಯದ ತೂಕ 20 ಮಾತ್ರ. ತವರಿನಲ್ಲಿ ಆಡುವವರಿಗೆ ನಿರೀಕ್ಷೆ ಕಟ್ಟುವಾಗ 100 ಅಂಕ ಸೇರಿಸುತ್ತಾರೆ.

ಆದರೆ ಇದು ಒಂದು ದಿನದ ಬಲವನ್ನು ಹೇಳುತ್ತದೆ, ಕೂಡಿಟ್ಟ ಸಾಧನೆಯನ್ನಲ್ಲ. ಫಿಫಾ ರ‍್ಯಾಂಕಿಂಗ್ ಕೂಡ 2018ರ ಆಗಸ್ಟ್‌ನಿಂದ ಇದೇ ಬಗೆಯ ಸೂತ್ರದ ಮೇಲೆ ನಡೆಯುತ್ತಿದೆ. ಅದರಲ್ಲಿ ಬೆಲ್ಜಿಯಂ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು, ವಿಶ್ವಕಪ್ ಫೈನಲ್ ಒಂದನ್ನೂ ಆಡದೆ. ಫಿಫಾ ರ‍್ಯಾಂಕಿಂಗನ್ನು ಇತಿಹಾಸದ ಪಟ್ಟಿಯೆಂದು ಗೋಡೆಗೆ ಅಂಟಿಸುವುದು ನಮ್ಮ ಕಡೆ ಅತಿ ಹೆಚ್ಚು ಕಾಣುವ ತಪ್ಪು.

ವಿಶ್ವಕಪ್ ಆಡದ ದೇಶಗಳಿಗೂ ಜಾಗವಿರುವುದು ಎಲೊ ಪಟ್ಟಿಯಲ್ಲಿ ಮಾತ್ರ. 1950ರ ಬ್ರೆಜಿಲ್ ಟೂರ್ನಿಗೆ ಭಾರತಕ್ಕೆ ಜಾಗ ಸಿಕ್ಕಿತ್ತು, ತಂಡ ಹೋಗಲಿಲ್ಲ. ಆಗ ನಮ್ಮ ಕಲಬುರಗಿ, ಬೀದರ ಹೈದರಾಬಾದ್ ರಾಜ್ಯದಲ್ಲಿದ್ದವು, ಆ ರಾಜಧಾನಿಯ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅದರ ಕೋಚ್ ಸೈಯದ್ ಅಬ್ದುಲ್ ರಹೀಂ ಕೈಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು. ವಿಶ್ವಕಪ್ ಚಾರ್ಟಿನಲ್ಲಿ ಇದಕ್ಕೆ ಅಂಕವಿಲ್ಲ, ಆದರೂ ಈ ಭಾಗದ ಶಾಲೆಯ ಗೋಡೆಯ ಮೇಲೆ ಇದೊಂದು ಸಾಲು ಇರಲೇಬೇಕು.

ಯಾವ ಕೆಲಸಕ್ಕೆ ಯಾವುದು

ಕ್ವಿಜ್‌ಗೆ ಒಟ್ಟು ಅಂಕದ ಪಟ್ಟಿ, ಏಕೆಂದರೆ ಉತ್ತರ ತಾಳೆ ನೋಡುವುದು ಸುಲಭ. ಪ್ರಶ್ನೆಯಲ್ಲೇ "2022ರವರೆಗೆ, ಗೆಲುವಿಗೆ 3, ಶೂಟೌಟ್ ಡ್ರಾ" ಎಂದು ಸೇರಿಸಿ. ಇಲ್ಲದಿದ್ದರೆ ಅರ್ಜೆಂಟೀನಾ-ಇಟಲಿ ಪ್ರಶ್ನೆಗೆ ಎರಡು ತಂಡ ಎರಡು ಸರಿಯುತ್ತರ ಹೇಳಿ ವೇದಿಕೆಯಲ್ಲೇ ವಾದ ಶುರುವಾಗುತ್ತದೆ. ಗೋಡೆಯ ಚಾರ್ಟಿಗೆ 10-4-2-1 ತೂಕ, ಪಕ್ಕದಲ್ಲಿ ಕಪ್‌ಗಳ ವರ್ಷ. ಬ್ರೆಜಿಲ್ ಅಭಿಮಾನಿಗಳು ಒಂದು ಅಂಕಕ್ಕೆ ಸಿಟ್ಟಾಗಬಹುದು. ತೂಕ ಎದುರಿಗೇ ಬರೆದಿದ್ದರೆ ಮಾತು ಅದರ ಮೇಲೆ ನಡೆಯುತ್ತದೆ. ಓಣಿಯ ಎಂಟು ತಂಡಗಳಿಗೆ ಹೆಸರು ಹಂಚಲು ಕಪ್ ಎಣಿಕೆಯೇ ಸಾಕು, ಸರಿಯಾಗಿ ಎಂಟು ದೇಶಗಳಿವೆ. "ಕಪ್ ಗೆಲ್ಲದವರಲ್ಲಿ ಶ್ರೇಷ್ಠರು ಯಾರು" ಎಂಬ ಪ್ರಶ್ನೆಗೆ ಸರಾಸರಿ ಹಿಡಿಯಿರಿ.

ಮಹಿಳೆಯರ ವಿಶ್ವಕಪ್‌ಗೆ ಇಷ್ಟು ತಲೆನೋವಿಲ್ಲ. 1991ರಿಂದ 2023ರವರೆಗೆ ಒಂಬತ್ತೇ ಟೂರ್ನಿ, ಅಮೆರಿಕ 4, ಜರ್ಮನಿ 2, ನಾರ್ವೆ, ಜಪಾನ್, ಸ್ಪೇನ್ ತಲಾ 1. ಯಾವ ಲೆಕ್ಕ ಹಿಡಿದರೂ ಅಮೆರಿಕ ತುದಿಯಲ್ಲೇ ಇರುತ್ತದೆ.

ಸ್ವಂತ ಶೀಟ್ ಮಾಡುವಾಗ

ಪ್ರತಿ ಪಂದ್ಯಕ್ಕೆ ಎರಡು ಸಾಲು, ತಂಡಕ್ಕೊಂದು. ಅಂಕಣಗಳು: ವರ್ಷ, ಹಂತ, ತಂಡ, ಎದುರಾಳಿ, ಹೊಡೆದ ಗೋಲು, ಬಿಟ್ಟ ಗೋಲು, ಹೆಚ್ಚುವರಿ ಸಮಯ ಮುಗಿದಾಗಿನ ಫಲಿತಾಂಶ, ಶೂಟೌಟ್ ಫಲಿತಾಂಶ. ಕೊನೆಯ ಎರಡನ್ನು ಒಂದೇ ಅಂಕಣಕ್ಕೆ ತುರುಕಬೇಡಿ, ಆಮೇಲೆ ಬಿಡಿಸಲಾಗುವುದಿಲ್ಲ. 90 ನಿಮಿಷದ ಸ್ಕೋರ್ ಕೂಡ ಬೇಡ. ಹೆಚ್ಚುವರಿ ಸಮಯದಲ್ಲಿ ಗೆದ್ದದ್ದು ಗೆಲುವೇ.

ಹೆಸರು ಬದಲಾದ ದೇಶಗಳಿಗೆ ಇನ್ನೊಂದು ಅಂಕಣ ಇರಲಿ. ಫಿಫಾ ಪಶ್ಚಿಮ ಜರ್ಮನಿಯ ದಾಖಲೆಯನ್ನು ಜರ್ಮನಿಗೆ, ಸೋವಿಯತ್ ಒಕ್ಕೂಟದ್ದನ್ನು ರಷ್ಯಾಕ್ಕೆ, ಯುಗೊಸ್ಲಾವಿಯಾದ್ದನ್ನು ಸರ್ಬಿಯಾಕ್ಕೆ ಸೇರಿಸುತ್ತದೆ. ಪೂರ್ವ ಜರ್ಮನಿ ಬೇರೆ. ಅದು ಆಡಿದ್ದು 1974ರಲ್ಲಿ ಒಂದೇ ಸಲ, ಹ್ಯಾಂಬರ್ಗ್‌ನಲ್ಲಿ ಪಶ್ಚಿಮ ಜರ್ಮನಿಯನ್ನೇ 1-0ಯಿಂದ ಸೋಲಿಸಿತು. ಎರಡನ್ನೂ ಒಂದೇ ಹೆಸರಿಗೆ ಹಾಕಿದರೆ ಜರ್ಮನಿ ತನ್ನನ್ನೇ ತಾನು ಸೋಲಿಸಿದಂತೆ ಶೀಟ್ ತೋರಿಸುತ್ತದೆ. ಕ್ರೊವೇಷಿಯಾ ಲೆಕ್ಕ 1998ರಿಂದ ಮಾತ್ರ.

ಹಳೆಯ ಟೂರ್ನಿಗಳ ಮರುಪಂದ್ಯಗಳನ್ನು ಬಿಡಬೇಡಿ. 1934ರಲ್ಲಿ ಇಟಲಿ-ಸ್ಪೇನ್ 1-1 ಆದ ಮೇಲೆ ಮರುದಿನ ಮತ್ತೆ ಆಡಿದರು. ಅವು ಎರಡು ಬೇರೆ ಪಂದ್ಯ. 1938ರಲ್ಲಿ ಆಸ್ಟ್ರಿಯಾ ಬಾರದ್ದರಿಂದ ಸ್ವೀಡನ್ ಆಡದೆ ಮುಂದೆ ಹೋಯಿತು. ಅದು ಪಂದ್ಯವೂ ಅಲ್ಲ, ಗೆಲುವೂ ಅಲ್ಲ. 1950ರಲ್ಲಿ ಫೈನಲ್ ಇರಲಿಲ್ಲ, ಕೊನೆಯ ಗುಂಪಿನ ನಾಲ್ಕು ತಂಡ ಪರಸ್ಪರ ಆಡಿದವು. ಮಾರಕಾನಾದಲ್ಲಿ ಉರುಗ್ವೆ ಬ್ರೆಜಿಲ್ಲನ್ನು 2-1ರಿಂದ ಸೋಲಿಸಿದ್ದು ಆ ಗುಂಪಿನ ಪಂದ್ಯ. "ಫೈನಲ್ ಆಡಿದ ಸಂಖ್ಯೆ" ಎಂಬ ಅಂಕಣ ಮಾಡಿದರೆ ಅದನ್ನು ಸೇರಿಸಿದ್ದೀರೋ ಇಲ್ಲವೋ ಎಂದು ಬರೆಯಿರಿ; ಜರ್ಮನಿಯ 8ಕ್ಕೆ ಎದುರಾಗಿ ಬ್ರೆಜಿಲ್ 6 ಅಥವಾ 7 ಆಗುವುದು ಅದರ ಮೇಲೇ. 1930ರಲ್ಲಿ ಮೂರನೇ ಸ್ಥಾನಕ್ಕೆ ಪಂದ್ಯ ನಡೆಯಲಿಲ್ಲ; ಫಿಫಾ ಪಟ್ಟಿಯಲ್ಲಿ ಅಮೆರಿಕ ಮೂರನೆಯದು, ಯುಗೊಸ್ಲಾವಿಯಾ ನಾಲ್ಕನೆಯದು.

ಎಲ್ಲ ತುಂಬಿದ ಮೇಲೆ ತಾಳೆ ನೋಡಿ. 2022ರವರೆಗೆ 964 ಪಂದ್ಯ, ಅಂದರೆ ಶೀಟಿನಲ್ಲಿ 1928 ಸಾಲು. ಹೊಡೆದ ಗೋಲು 2720, ಬಿಟ್ಟ ಗೋಲೂ 2720. ಗೆಲುವು ಎಷ್ಟೋ ಸೋಲೂ ಅಷ್ಟೇ ಇರಬೇಕು, ಡ್ರಾಗಳ ಸಾಲು ಸಮಸಂಖ್ಯೆಯಾಗಿರಬೇಕು. ಸಾಲು ಎರಡು ಕಡಿಮೆ ಬಂದರೆ ಮೊದಲು 1934, 1938ರ ಮರುಪಂದ್ಯ ಮತ್ತು 1954, 1958ರ ಗುಂಪಿನ ಪ್ಲೇ-ಆಫ್‌ಗಳನ್ನು ಹುಡುಕಿ. ಗೋಲು ಹೆಚ್ಚು ಬಂದರೆ ಯಾವುದೋ ಶೂಟೌಟಿನ ಕಿಕ್‌ಗಳು ಗೋಲಿನ ಅಂಕಣಕ್ಕೆ ಸೇರಿವೆ.